ಸಂಶಯ ಬಂದಲ್ಲಿ ಹುಲಿ

ನಮ್ಮ ಆಯಿಯ ಕಥೆಗಳಲ್ಲಿ ಹುಲಿ ಏಕಾಏಕಿ ಬರುತ್ತಿರಲಿಲ್ಲ. ಮೊದಲು ಸಂಶಯ ಬರುತ್ತಿತ್ತು. ಮುದುಕಿಯೊಬ್ಬಳು ಎಮ್ಮೆ ಹೊಡೆದುಕೊಂಡು ಹಳ್ಳಕ್ಕೆ ಹೋಗುತ್ತಾಳೆ. ಎಮ್ಮೆ ನೀರಿಗೆ ಬಾಯಿ ಇಡದೆ ಸುಮ್ಮನೆ ನಿಂತುಬಿಡುತ್ತದೆ. "ಆವಾಗ ಮುದುಕಿಗೆ ಸಂಶೇ ಬಂತು ನೋಡವಾ, ಹುಲ್ಲಿನ ಹಿಂದ ಹುಲಿ ಅದ ಅಂತ," ಎಂದು ಆಯಿ ದನಿ ಇಳಿಸುವಷ್ಟರಲ್ಲಿ ನಾನು ಅವಳ ಸೆರಗಿನೊಳಗೆ ಸೇರಿರುತ್ತಿದ್ದೆ. ಒಂದು ಸಲವೂ ಆ ಸಂಶಯ ಸುಳ್ಳಾಗಲಿಲ್ಲ. ಸಂಶಯ ಬಂದಲ್ಲೆಲ್ಲ ಹುಲಿ ಇದ್ದೇ ಇರುತ್ತಿತ್ತು.

ಆಯಿ ಎಂದರೆ ನನ್ನ ಅಜ್ಜಿ, ಚನ್ನಬಸವ್ವ. ನಮ್ಮ ಬೈಲಹೊಂಗಲದ ಕಡೆ ಅಜ್ಜಿಯನ್ನು ಹಾಗೆಯೇ ಕರೆಯುವುದು. ನಾವೀಗ ಇರುವ ಮರಾಠಿ ನಾಡಿನಲ್ಲಿ ಆಯಿ ಎಂದರೆ ತಾಯಿ. ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಗೆ ಹೊಸದಾಗಿ ಬಂದ ಪ್ರತಿಯೊಬ್ಬರೂ ಒಮ್ಮೆಯಾದರೂ ಎಪ್ಪತ್ತೊಂಬತ್ತರ ಈ ಮುದುಕಿಯನ್ನೂ ಇಪ್ಪತ್ತಾರರ ನನ್ನನ್ನೂ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಾರೆ. ಒಂದು ಮಾತು ಎರಡು ಕಡೆ ಎರಡು ಅರ್ಥ ಕೊಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು. ಆದರೂ ಆಗಬಾರದ್ದು ಆಯಿತು.

ನಾನು ಚಾಕಣದ ಒಂದು ಕಾರ್ಖಾನೆಯಲ್ಲಿ ರಿಪೋರ್ಟ್ ಬರೆಯುತ್ತೇನೆ. ಬೆಳಗ್ಗೆ ಆರೂಕಾಲಿಗೆ ಕಂಪನಿಯ ಬಸ್ಸು ಹತ್ತಿದರೆ ಎಂಟೂಕಾಲಿಗೆ ಅಲ್ಲಿ. ಸಂಜೆ ಅದೇ ದಾರಿ, ಇನ್ನೂ ಅರ್ಧ ತಾಸು ಹೆಚ್ಚು. ದಾರಿಯಲ್ಲಿ ಮೋಶಿ ದಾಟುವುದರೊಳಗೆ ನನ್ನ ಹಣೆ ಕಿಟಕಿಯ ಗಾಜಿಗೆ ಹತ್ತು ಸಲ ಬಡಿದಿರುತ್ತದೆ. ಮೊದಮೊದಲು ಆ ಹೊತ್ತಿನಲ್ಲಿ ಕನಸು ಕಾಣುತ್ತಿದ್ದೆ. ರಸ್ತೆಯ ಟ್ರಕ್ಕುಗಳೆಲ್ಲ ಆಯಿಯ ಕಥೆಯ ಆನೆಗಳಾಗುತ್ತಿದ್ದವು. ಈಗೀಗ ಅವು ಬರೀ ಟ್ರಕ್ಕುಗಳೇ.

ನಮ್ಮಲ್ಲಿ ತಯಾರಾಗುವುದು ಕಾರಿನ ಮುಂದಿನ ಚಕ್ರವನ್ನು ಹಿಡಿದಿಡುವ ಉಕ್ಕಿನ ತುಂಡು, ಮುಚ್ಚಿದ ಮುಷ್ಟಿಯಷ್ಟು ದೊಡ್ಡದು, ಒಂದು ಕಡೆ ಕೊರಳಿನಂತೆ ಸಣ್ಣಗಾದದ್ದು. ಅದರಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಸಾಕು, ಎಂದೋ ಒಂದು ದಿನ ಎಲ್ಲೋ ಒಂದು ಗಾಡಿಯ ಚಕ್ರ ಕಳಚೀತು. ಸೀಳು ಹುಡುಕುವುದು ನಮ್ಮ ಕಡೆಯವರೇ ಆದ ಮುರುಗೆಪ್ಪ ಕಾಕಾನ ಕೆಲಸ. ಕರಿ ಪರದೆ ಕಟ್ಟಿದ ಒಂದು ಗೂಡಿನೊಳಗೆ ನೀಲಿ ದೀಪ ಹಚ್ಚಿಕೊಂಡು ಇಪ್ಪತ್ತೆರಡು ವರ್ಷದಿಂದ ಅವರು ಅಲ್ಲೇ ಕುಳಿತಿದ್ದಾರೆ. ತುಂಡಿನ ಮೇಲೆ ಯಾವುದೋ ದ್ರಾವಣ ಸುರಿದು ದೀಪಕ್ಕೆ ಹಿಡಿದರೆ ಸೀಳು ಇದ್ದಲ್ಲಿ ಹಸಿರು ಗೆರೆ ಹೊಳೆಯುತ್ತದೆ. ಅದು ಕಂಪನಿಯ ಪದ್ಧತಿ. ಅದಾದ ಮೇಲೆ ಹಿತ್ತಾಳೆ ತಲೆಯ ಸಣ್ಣ ಸುತ್ತಿಗೆಯಿಂದ ಟಣ್ ಎಂದು ಒಮ್ಮೆ ತಟ್ಟಿ ಕಿವಿಗೊಡುವುದು ಕಾಕಾನ ಪದ್ಧತಿ.

"ಸಂತ್ಯಾಗ ಗಡಿಗಿ ತಗೋಬೇಕಾದ್ರ ನಿಮ್ಮ ಆಯಿ ಬಡದು ನೋಡ್ತಿದ್ಲಿಲ್ಲ?" ಎಂದು ಮೊದಲ ದಿನವೇ ಕೇಳಿದ್ದರು. "ಕಣ್ಣಿಗೆ ಕಾಣದ್ದು ಕಿವಿಗೆ ಸಿಗತದ ತಂಗಿ."

ಅವರಿಗೆ ಇಂಗ್ಲಿಷ್ ಬರೆಯಲು ಬಾರದು. ಅವರು ಕನ್ನಡದಲ್ಲಿ ಹೇಳುತ್ತಾರೆ, ನಾನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತೇನೆ, ಕೆಳಗೆ ಅವರು ಕನ್ನಡದಲ್ಲಿ ಸಹಿ ಹಾಕುತ್ತಾರೆ. ಏನು ಬರೆದೆ ಎಂದು ಒಮ್ಮೆಯೂ ಕೇಳಿದವರಲ್ಲ.

ದೀಪಾವಳಿಯ ಮುಂದಿನ ವಾರ ತುಂಡುಗಳ ಒಂದು ಹೊಸ ಲಾಟ್ ಬಂತು. ಕಾಕಾ ಒಂದು ತುಂಡನ್ನು ದೀಪದ ಕೆಳಗೆ ತಿರುಗಿಸಿದರು, ಮತ್ತೆ ತಿರುಗಿಸಿದರು. ತಟ್ಟಿದರು. ಇನ್ನೊಂದನ್ನು ತಟ್ಟಿದರು.

"ಹಸರು ಗೆರಿ ಕಾಣವಲ್ದು. ಆದ್ರ ದನಿ ಸರಿ ಇಲ್ಲ. ಕೊರಳ ಹತ್ರ ಸೀಳು ಅದ ಅಂತ ನನಗ ಸಂಶೇ. ಬರಕೋವಾ."

ನಾನು ಬರೆದುಕೊಂಡೆ. ಡೌಟ್ ಎಂಬ ಮಾತು ನನ್ನ ಕೈಯಿಂದ ತಾನಾಗಿಯೇ ಇಳಿಯಿತು: ಕೊರಳ ಹತ್ತಿರ ಸೀಳಿದೆ ಎಂದು ಇನ್ಸ್‌ಪೆಕ್ಟರ್ ಡೌಟ್ ಮಾಡುತ್ತಾರೆ. ನಮ್ಮ ಕ್ವಾಲಿಟಿ ವಿಭಾಗದ ಮುಖ್ಯಸ್ಥೆ ಹರ್ಷದಾ ಮ್ಯಾಡಮ್ ಅದನ್ನು ಓದಿ ಹುಬ್ಬು ಗಂಟಿಕ್ಕಿದರು. ಲಾಟ್ ತಡೆಹಿಡಿದು, ರಿಪೋರ್ಟನ್ನು ಹಾಗೆಯೇ ಜರ್ಮನಿಯ ಕಸ್ಟಮರಿಗೆ ಕಳಿಸಿ, ಏನು ಮಾಡಲಿ ಎಂದು ಕೇಳಿದರು. ಮರುದಿನವೇ ಉತ್ತರ ಬಂತು: ನೋಡಿದೆವು, ಧನ್ಯವಾದ, ಕಳಿಸಿರಿ.

ನಮಗೆಲ್ಲ ಆಶ್ಚರ್ಯ. ಒಂದು ಗೀರು ಬಿದ್ದರೆ ಹತ್ತು ಮೇಲ್ ಬರೆಯುವ ಜನ ಇವರು.

"ಹಂಗ ಅಂದ್ರೇನವಾ ಅವರು?" ಎಂದು ಕಾಕಾ ಸುತ್ತಿಗೆ ಕೆಳಗಿಟ್ಟರು. "ಇರಲಿ. ಗಾಡಿ ಅವರದು, ಚಕ್ರನೂ ಅವರದು."

ಲಾಟ್ ಹೋಯಿತು. ಏಳು ವಾರದ ಮೇಲೆ ಅವರ ಪರೀಕ್ಷೆಯ ಯಂತ್ರದಲ್ಲಿ ಮೂರು ತುಂಡು ಮುರಿದವು. ಮೂರೂ ಕೊರಳಿನ ಹತ್ತಿರ. ಇನ್ನೂ ಯಾವ ಗಾಡಿಗೂ ಹಾಕಿರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಮೇಲ್ ಬಂತು. ನಿಮ್ಮ ಇನ್ಸ್‌ಪೆಕ್ಟರ್ ಅದೇ ಜಾಗದಲ್ಲಿ ಸೀಳಿಲ್ಲ ಎಂಬ ಅಭಿಪ್ರಾಯ ಕೊಟ್ಟಿದ್ದರು, ನಾವು ಅದನ್ನು ನಂಬಿದೆವು, ಯಾವ ಆಧಾರದ ಮೇಲೆ ಹಾಗೆ ಹೇಳಿದರು?

ಆ ದಿನ ಹರ್ಷದಾ ಮ್ಯಾಡಮ್ ಕುರ್ಚಿಯಲ್ಲಿ ಕೂತ ರೀತಿ ನೆನಪಿದೆ. ಮೂರು ತಿಂಗಳಲ್ಲಿ ನಾಲ್ಕು ಆಡಿಟ್ ಮುಗಿಸಿದವರಿಗೆ ಏಳು ವಾರದ ಹಿಂದೆ ತಾವೇ ಓದಿದ ರಿಪೋರ್ಟ್ ನೆನಪಿದ್ದಂತಿರಲಿಲ್ಲ. ಮುಂದಿದ್ದ ಚಹದ ಮೇಲೆ ಕೆನೆ ಕಟ್ಟಿತ್ತು. ಕಾಕಾನನ್ನು ಕರೆಸಿದರು. ಮಾತು ಮರಾಠಿಯಲ್ಲಿ.

"ಕಾಕಾ, ಸೀಳಿಲ್ಲ ಅಂತ ಹೇಳಿದಿರಂತೆ?"

"ನಾನಾ?" ಎಂದರು ಕಾಕಾ. ಅವರ ಮರಾಠಿಯಲ್ಲೂ ಬೈಲಹೊಂಗಲದ ಎಳೆತ. "ಅದ ಅಂದ ನೆನಪು, ಮ್ಯಾಡಮ್."

"ಅವರು ಬರೆದಿದ್ದಾರಲ್ಲ, ನೀವು ಇಲ್ಲ ಅಂದಿರಿ ಅಂತ."

ಕಾಕಾ ನನ್ನ ಕಡೆ ನೋಡಿದರು. ಅವರು ಅದ ಅಂದದ್ದು ನನಗೂ ನೆನಪಿತ್ತು, ನಾನು ಹಾಗೆಯೇ ಬರೆದದ್ದೂ ನೆನಪಿತ್ತು. ಜರ್ಮನಿಯವರದೇ ಏನೋ ಗೊಂದಲ ಎನ್ನುವಷ್ಟರಲ್ಲಿ ಮ್ಯಾಡಮ್ ಕಣ್ಣು ಮುಚ್ಚಿ ತಲೆ ಒತ್ತಿಕೊಂಡರು.

"ವಾದ ಬೇಡ. ಕಸ್ಟಮರ್ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕಾಕಾ, ಸ್ವಲ್ಪ ದಿನ ನೀವು ಪ್ಯಾಕಿಂಗಿನಲ್ಲಿರಿ. ಕಣ್ಣು ತೋರಿಸಿಕೊಳ್ಳಿ." ಆಮೇಲೆ ನನ್ನ ಕಡೆ ತಿರುಗಿದರು. "ಅಂಬಾ, ಐದು ಯಾಕೆ ಬರೆದು ಶುಕ್ರವಾರ ಕೊಡು."

ಐದು ಯಾಕೆ ಎನ್ನುವುದು ಇಂಥ ಹೊತ್ತಿಗೆ ಕಸ್ಟಮರ್ ಕೇಳುವ ಕಾಗದ. ತಪ್ಪಾದರೆ ಯಾಕೆ ಎಂದು ಕೇಳಬೇಕು. ಉತ್ತರ ಬಂದರೆ ಅದಕ್ಕೂ ಯಾಕೆ ಎನ್ನಬೇಕು. ಹೀಗೆ ಐದು ಸಲ. ಐದನೆಯ ಉತ್ತರವೇ ತಪ್ಪಿನ ಬೇರು. ಚಿಕ್ಕಂದಿನಲ್ಲಿ ನಾನು ಆಯಿಗೆ ಕೇಳುತ್ತಿದ್ದದ್ದೂ ಇದನ್ನೇ. ಅವಳು ಮೂರನೆಯದಕ್ಕೇ "ಬಾಯಿ ಮುಚ್ಚಿ ಮಕ್ಕೋ" ಎಂದುಬಿಡುತ್ತಿದ್ದಳು.

ಮೊದಲ ಯಾಕೆ: ತುಂಡು ಯಾಕೆ ಮುರಿಯಿತು? ಸೀಳಿತ್ತು. ಸೀಳಿದ್ದದ್ದು ಯಾಕೆ ಹೊರಗೆ ಹೋಯಿತು? ಕಸ್ಟಮರ್ ಒಪ್ಪಿದರು. ಯಾಕೆ ಒಪ್ಪಿದರು? ಸೀಳಿಲ್ಲ ಎಂದು ರಿಪೋರ್ಟಿನಲ್ಲಿತ್ತು. ಅಲ್ಲಿಗೆ ಬಂದು ನಿಂತೆ. ರಿಪೋರ್ಟಿನಲ್ಲಿ ಹಾಗೆ ಇರಲಿಲ್ಲವಲ್ಲ! ಪಕ್ಕದ ಮೇಜಿನ ಋಷಿಕೇಶನನ್ನು ಕರೆದೆ. ಕೆನಡಾಕ್ಕೆ ಹೋಗುವ ಆಸೆಯಿಂದ ಇಂಗ್ಲಿಷ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದವನು ಅವನು.

"ಫೇಲಾದವನನ್ನು ಕೇಳು, ಪಾಸಾದವರಿಗೆ ಏನೂ ನೆನಪಿರೋದಿಲ್ಲ," ಎನ್ನುತ್ತ ಪರದೆಗೆ ಬಾಗಿದ. ನನ್ನ ವಾಕ್ಯ ಓದಿ ಶಿಳ್ಳೆ ಹಾಕಿದ.

"ಅಂಬಾ, ಇದು ಉಲ್ಟಾ."

"ಏನು ಉಲ್ಟಾ?"

"ಡೌಟ್ ಅಂದರೆ ಇರಲಿಕ್ಕಿಲ್ಲ ಅಂತ. ಸಸ್ಪೆಕ್ಟ್ ಅಂದರೆ ಇರಬೇಕು ಅಂತ. ಸೀಳಿದೆ ಎಂದು ಡೌಟ್ ಮಾಡುತ್ತಾರೆ ಅಂದರೆ, ಸೀಳು ಇರಲಿಕ್ಕಿಲ್ಲ ಎನ್ನುತ್ತಾರೆ ಅಂತಾಯ್ತು. ನನ್ನ ಒಂದು ಮಾರ್ಕು ಇದರಲ್ಲೇ ಹೋದದ್ದು."

"ಶಾಲೆಯಲ್ಲಿ ನಾವು 'ಟೀಚರ್, ಡೌಟ್ ಇದೆ' ಅಂತಿದ್ದೆವಲ್ಲ?"

"ಅದು ಮೂರನೆಯದು. ಅದು ಪ್ರಶ್ನೆ. ಅದು ನಮ್ಮ ದೇಶದಲ್ಲಷ್ಟೇ ನಡೆಯುತ್ತದೆ." ಅವನು ಕುರ್ಚಿ ಎಳೆದುಕೊಂಡು ಕೂತ. "ತಮಾಷೆ ನೋಡು. ನೀನು ಬರೆದೆ, ಮ್ಯಾಡಮ್ ಓದಿದರು, ನಾನು ಫೈಲ್ ಮಾಡಿದೆ. ಮೂವರಿಗೂ ಸೀಳಿದೆ ಅಂತಲೇ ಅರ್ಥವಾಗಿತ್ತು. ನಮ್ಮ ನಮ್ಮೊಳಗೆ ಈ ಇಂಗ್ಲಿಷ್ ಬರೋಬರ್ ಇದೆ."

ತಮಾಷೆ ನನಗೆ ಕಾಣಲಿಲ್ಲ. ಅಲ್ಲಿ ಜರ್ಮನಿಯಲ್ಲಿ ಯಾರೋ ಒಬ್ಬರು ನನ್ನ ವಾಕ್ಯವನ್ನು ಸರಿಯಾಗಿ ಓದಿದ್ದರು. ಹುಲಿ ಇರಲಿಕ್ಕಿಲ್ಲ ಎಂದು ತಿಳಿದು ಎಮ್ಮೆಯನ್ನು ನೀರಿಗೆ ಇಳಿಸಿದ್ದರು.

ರಿಪೋರ್ಟಿನಲ್ಲಿ ಹಾಗೆ ಯಾಕಿತ್ತು ಎಂಬ ನಾಲ್ಕನೆಯ ಯಾಕೆಗೆ ಉತ್ತರ ನಾನು. ಐದನೆಯದು, ನಾನು ಯಾಕೆ ಹಾಗೆ ಬರೆದೆ? ಅದಕ್ಕೆ ಉತ್ತರವಾಗಿ ಆಯಿಯ ಎಮ್ಮೆಯನ್ನು ಜರ್ಮನಿಗೆ ಕಳಿಸಲು ಬರುವುದಿಲ್ಲ.

ಇಷ್ಟಾದ ಮೇಲೂ ಎದ್ದು ಮ್ಯಾಡಮ್ ಕೋಣೆಗೆ ಹೋದೆ ಎಂದರೆ ಸುಳ್ಳಾಗುತ್ತದೆ. ನನ್ನದು ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟು, ಮುಗಿಯಲು ಐದು ವಾರವಿತ್ತು. ಇಂಗ್ಲಿಷ್ ಬರೆಯುತ್ತಾಳೆ ಎಂದೇ ನನ್ನನ್ನು ತಗೊಂಡದ್ದು. ಬುಧವಾರ ಹಾಗೆಯೇ ಕಳೆಯಿತು. ಸಂಜೆ ಬಸ್ಸಿನಲ್ಲಿ ನಾಲ್ಕನೆಯ ಉತ್ತರಕ್ಕೆ ಇನ್ಸ್‌ಪೆಕ್ಟರರ ಅಂದಾಜು ತಪ್ಪಿತು ಎಂದು ಮನಸ್ಸಿನಲ್ಲೇ ಬರೆದೆ. ಚೊಕ್ಕವಾದ ವಾಕ್ಯ. ಒಂದೂ ತಪ್ಪಿರಲಿಲ್ಲ.

ಮನೆಗೆ ಬಂದಾಗ ಆಯಿ ಬಾಲ್ಕನಿಯಲ್ಲಿ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು.

"ಮಾರಿ ಯಾಕ ಹಂಗಾಗೇದ? ಬಸ್ಸು ನೀನ ನೂಕಿದೇನ?"

"ಹಳ್ಳದ ಹುಲಿ ಕಥಿ ಹೇಳು ಆಯಿ."

"ಈ ವಯಸ್ಸಿನ್ಯಾಗ?" ಎಂದಳು. ಆದರೂ ಶುರು ಮಾಡಿದಳು. ಈಗೀಗ ಅವಳಿಗೆ ಕಥೆಗಳು ಒಂದರೊಳಗೊಂದು ಸೇರಿಹೋಗುತ್ತವೆ. ಎಮ್ಮೆ ನಿಂತಿತು, ಮುದುಕಿಗೆ ಸಂಶಯ ಬಂತು, ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಬಳೆಗಾರ ಬಂದ.

"ಆಯಿ, ಸಂಶೇ ಬಂದ ಮ್ಯಾಲ ಹುಲಿ ಇರಲಿಲ್ಲ ಅಂದ್ರ?"

"ಇರಲಿಲ್ಲ ಅಂದ್ರ ಕಥಿ ಯಾಕ ಹೇಳ್ತಿದ್ರು?" ಅವಳು ಕಾಯಿ ಮುರಿದಳು. "ಆದ್ರ ಊರ ಮಂದಿ ಮುದುಕಿ ಮಾತು ನಂಬಲಿಲ್ಲ, ಗೊತ್ತದಿಲ್ಲ? ಹೆದರಿ ಬಡಬಡಸ್ತಾಳ ಅಂದ್ರು. ಅಂದು ಅಂದು, ಕಡೀಕ ಆಕಿಗೇ ತಾ ಹುಲಿ ಕಂಡೇನೋ ಇಲ್ಲೋ ಅಂತ ಆತು."

ಈ ಭಾಗ ನಾನು ಕೇಳಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಹುಲಿ ಬಂದು ಹೋಗುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದೆನೋ, ಅಥವಾ ಅವಳು ಈಗ ಬೇರೆ ಯಾವುದೋ ಕಥೆಯಿಂದ ತಂದಳೋ. ಕೇಳಬೇಕೆನ್ನುವಷ್ಟರಲ್ಲಿ ಕಾಯಿಯ ಪುಟ್ಟಿ ಮಡಿಲಲ್ಲಿಟ್ಟುಕೊಂಡೇ ತೂಕಡಿಸುತ್ತಿದ್ದಳು.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಪ್ಯಾಕಿಂಗಿಗೆ ಹೋದೆ. ಕಾಕಾ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತು ಡಬ್ಬಿ ಬಿಚ್ಚಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬೆಳಕಿನಲ್ಲಿ ಅವರನ್ನು ನೋಡಿ ರೂಢಿಯಿರಲಿಲ್ಲ. ಇಷ್ಟು ವಯಸ್ಸಾಗಿದೆ ಎಂದು ಕರಿ ಪರದೆಯ ಹಿಂದೆ ಗೊತ್ತಾಗಿರಲಿಲ್ಲ.

"ಬಾ ತಂಗಿ. ರೊಟ್ಟಿ ತಿಂತೀಯಿಲ್ಲ?" ಒಂದು ತುಂಡು ಮುರಿದು ಕೈಗಿಟ್ಟರು. "ನಿನ್ನೆ ಕಣ್ಣಿನ ಡಾಕ್ಟರ ಕಡೆ ಹೋಗಿದ್ದೆ. ಏನೂ ಆಗಿಲ್ಲಂತಾರ. ಕಿವಿ ಡಾಕ್ಟರ ಕಡೆನೂ ಹೋಗಬೇಕಂತ ಮಾಡೇನಿ."

"ಕಾಕಾ..."

"ನನಗೇನ ಅನಸ್ತದಂದ್ರ, ನಾನ ಇಲ್ಲ ಅಂದಿರಬೇಕು." ಅವರು ರೊಟ್ಟಿ ಅಗಿಯುತ್ತಲೇ ಇದ್ದರು. "ಅದ ಅಂದ ನೆನಪು. ಆದ್ರ ಅಷ್ಟು ದೊಡ್ಡ ಕಂಪನಿಯವರು ಬರದಾರ, ಮ್ಯಾಡಮ್ಮರೂ ಅಂತಾರ. ಮುಂಜಾನೆ ಮನ್ಯಾಗ ತಾಟು, ವಾಟಿಗಾ ಬಡದು ಕೇಳಿದೆ. ಎಲ್ಲಾದರದೂ ಒಂದ ಥರಾ ಕೇಳಸ್ತದ. ನಮ್ಮನಿಯಾಕಿ ಬೈದ್ಲು, ಮುಂಜಮುಂಜಾನೆ ಏನದು ಭಜನಿ ಅಂತ."

ಅವರು ನಕ್ಕರು. ನಾನು ರೊಟ್ಟಿಯ ತುಂಡನ್ನು ಮಡಿಚಿ ಕೈಯಲ್ಲೇ ಹಿಡಿದೆ.

"ಕಾಕಾ, ನೀವು ಅದ ಅಂತನ ಅಂದಿದ್ರಿ. ಸಂಶೇ ಅದ ಅಂದ್ರಿ. ನಾನು ಬರಿಯೂದು ತಪ್ಪೀನಿ. ಇಂಗ್ಲಿಷ್‌ನ್ಯಾಗ ಸಂಶೇಕ್ಕ ಎರಡು ಮಾತದಾವ. ಒಂದು ಇರಬೇಕು ಅಂತದ, ಇನ್ನೊಂದು ಇರಲಿಕ್ಕಿಲ್ಲ ಅಂತದ. ನಾ ಇರಲಿಕ್ಕಿಲ್ಲ ಅನ್ನೂದನ್ನ ಬರದೆ."

ಅವರು ಅಗಿಯುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಹಗುರಾಗುತ್ತಿತ್ತು.

"ಅಂದ್ರ ಸೀಳು ಇತ್ತು," ಎಂದರು.

"ಹೌದ್ರಿ."

"ನಾ ಅಂದಲ್ಲೇ ಇತ್ತು. ಕೊರಳ ಹತ್ರ."

"ಹೌದ್ರಿ ಕಾಕಾ."

ಅವರು ಎಡಗಿವಿಯನ್ನು ಬೆರಳಿನಿಂದ ಒಮ್ಮೆ ತಿಕ್ಕಿಕೊಂಡರು, ಮನೆಯ ಮಗುವಿನ ಬೆನ್ನು ಸವರಿದ ಹಾಗೆ. ಆಮೇಲೆ ಕೇಳಿದರು, "ಮ್ಯಾಡಮ್ಮರಿಗೆ ಹೇಳೀಯೇನು?"

"ಇನ್ನ ಇಲ್ಲ."

"ಹೇಳಿದ್ರ ನಿನ್ನ ಕೆಲಸ?"

ಕಾಕಾ ಡಬ್ಬಿ ಮುಚ್ಚಿದರು.

"ನನಗ ಹೇಳಿದೆಲ್ಲ, ಸಾಕವಾ. ನನ್ನ ಕಿವಿ ನನಗ ತಿರುಗಿ ಸಿಕ್ತು. ಉಳದದ್ದು ನಿನಗ ಬಿಟ್ಟದ್ದು. ಪೆಟ್ಟಿಗಿ ಕಟ್ಟೂದೂ ಕೆಲಸನ."

ಅವರು ಅದನ್ನು ಚುಚ್ಚಲೆಂದು ಅನ್ನಲಿಲ್ಲ. ಚುಚ್ಚಿದ್ದರೆ ನಾನು ಇನ್ನೊಂದು ದಿನ ತಳ್ಳುತ್ತಿದ್ದೆನೇನೋ. ಎದ್ದು ನೇರ ಮ್ಯಾಡಮ್ ಕೋಣೆಗೆ ಹೋದೆ, ಕೈಗೆ ಚಟ್ನಿಯ ವಾಸನೆ ಇತ್ತು.

ಹರ್ಷದಾ ಮ್ಯಾಡಮ್ ನನ್ನ ಮಾತು ಕೇಳಿ ಹಳೆಯ ರಿಪೋರ್ಟ್ ತೆರೆದರು. ಮೂರು ಸಲ ಓದಿದರು. ಫೋನಿನಲ್ಲಿ ಏನೋ ಹುಡುಕಿ ಮತ್ತೆ ಓದಿದರು.

"ನಾನೂ ಇದನ್ನು ಇದೆ ಅಂತಲೇ ಓದಿದೆ," ಎಂದರು ಕೊನೆಗೆ. "ಈಗಲೂ ನನ್ನ ಕಣ್ಣಿಗೆ ಹಾಗೇ ಕಾಣುತ್ತಿದೆ."

"ತಪ್ಪು ನನ್ನದು ಮ್ಯಾಡಮ್. ಕಾಕಾನದಲ್ಲ. ಹಾಗಂತ ಬರೆಯುತ್ತೇನೆ."

"ಬರೆದರೆ ಎಲ್ಲಿ ಹಾಕುತ್ತೀ? ಫಾರ್ಮಿನಲ್ಲಿ ನಾಲ್ಕೇ ಚೌಕ. ಮನುಷ್ಯ, ಯಂತ್ರ, ಸಾಮಾನು, ಪದ್ಧತಿ. ಮಾತು ಅನ್ನೋ ಚೌಕವೇ ಇಲ್ಲ." ಅವರು ನಗಲು ಹೊರಟು ಆಕಳಿಸಿದರು. "ಮನುಷ್ಯ ಅಂದರೆ ಹೆಸರು ಬರೆಯಬೇಕು. ಇಂಗ್ಲಿಷ್ ಬಾರದವಳಿಗೆ ರಿಪೋರ್ಟ್ ಬರೆಯಲು ಕೊಟ್ಟವರು ಯಾರು ಎಂದು ಕೇಳುತ್ತಾರೆ. ಗೊತ್ತಿದೆ ತಾನೆ?"

"ಗೊತ್ತು ಮ್ಯಾಡಮ್."

"ಬರೆ."

ಬರೆದೆ. ನಾಲ್ಕನೆಯ ಯಾಕೆಯ ಎದುರು ನನ್ನ ಹೆಸರು. ಮುರುಗೆಪ್ಪ ಸೀಳಿದೆ ಎಂದೇ ಹೇಳಿದ್ದರು, ಗೆರೆ ಕಾಣದಿದ್ದರೂ ದನಿಯಿಂದ ಗುರುತಿಸಿದ್ದರು, ಅವರ ಮಾತನ್ನು ನಾನು ಉಲ್ಟಾ ಬರೆದೆ. ಈ ಸಲ ಸಸ್ಪೆಕ್ಟ್ ಎಂದು ಬರೆದು ಋಷಿಕೇಶನಿಗೆ ತೋರಿಸಿದೆ. ಐದನೆಯದರ ಎದುರು ಬಹಳ ಹೊತ್ತು ಕೂತು, ಬರೆಯುವವಳ ಮನೆಮಾತಿನಲ್ಲಿ ಎರಡಕ್ಕೂ ಒಂದೇ ಮಾತು ನಡೆಯುತ್ತದೆ ಎಂದಷ್ಟೇ ಹಾಕಿದೆ. ಎಮ್ಮೆ ಹಳ್ಳದಲ್ಲೇ ಉಳಿಯಿತು.

ಸೋಮವಾರ ಉತ್ತರ ಬಂತು. ಸ್ಪಷ್ಟಪಡಿಸಿದ್ದಕ್ಕೆ ಧನ್ಯವಾದ. ದನಿ ಕೇಳಿ ಗುರುತಿಸಿದ ಇನ್ಸ್‌ಪೆಕ್ಟರನ್ನು ದಯವಿಟ್ಟು ಅದೇ ಕೆಲಸದಲ್ಲಿ ಮುಂದುವರಿಸಿ. ಮುಂದೆ ರಿಪೋರ್ಟಿನಲ್ಲಿ ಅಭಿಪ್ರಾಯದ ವಾಕ್ಯಗಳು ಬೇಡ, ಜೊತೆಗಿರುವ ಹೊಸ ಫಾರ್ಮ್ ಬಳಸಿ.

ಕಾಕಾ ಗೂಡಿಗೆ ಮರಳಿದರು. ಕಸ್ಟಮರಿಗೆ ಬರೆಯುವ ಕೆಲಸ ಋಷಿಕೇಶನಿಗೆ ಹೋಯಿತು. ನನಗೆ ಫಾರ್ಮ್ ತುಂಬುವುದು ಉಳಿಯಿತು. ಅದೂ ಕಾಂಟ್ರ್ಯಾಕ್ಟ್ ಮುಗಿಯುವ ತನಕ. ಆಮೇಲಿನದು ಮ್ಯಾಡಮ್ಮಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಋಷಿಕೇಶ, "ನಿನ್ನನ್ನು ಮುಂದುವರಿಸುತ್ತಾರೋ ಇಲ್ಲವೋ, ನನಗೆ ಡೌಟ್," ಎಂದ.

"ಯಾವ ಡೌಟು? ಇಂಗ್ಲಿಷಿಂದೋ, ನಮ್ಮದೋ?"

ಅವನು ಸ್ವಲ್ಪ ಯೋಚಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡುಬಿಟ್ಟ.

ಮರುದಿನ ಗೂಡಿನೊಳಗೆ ಹೊಸ ಲಾಟಿನ ಮೊದಲ ತುಂಡು. ಕಾಕಾ ನೀಲಿ ಬೆಳಕಿನಲ್ಲಿ ತಿರುಗಿಸಿದರು. ಗೆರೆ ಇಲ್ಲ. ತಟ್ಟಿದರು. ತಲೆ ವಾಲಿಸಿ ಇನ್ನೊಮ್ಮೆ ತಟ್ಟಿದರು. ನನಗೆ ಎರಡೂ ಸಲ ಒಂದೇ ದನಿ.

"ನನಗೇನೋ ಸಂಶೇ..." ಎಂದು ಶುರು ಮಾಡಿ ನನ್ನ ಕಡೆ ತಿರುಗಿದರು. "ಹೊಸಾ ಕಾಗದದಾಗ ಏನದ?"

"ಎರಡ ಚೌಕರಿ ಕಾಕಾ. ಅದ, ಇಲ್ಲ."

"ನಡುವ?"

"ನಡುವ ಏನಿಲ್ರಿ."

ಅವರು ತುಂಡನ್ನು ಅಂಗೈಯಲ್ಲಿ ತೂಗುತ್ತ ಕುಳಿತರು. ಹೊರಗೆ ಫೋರ್ಕ್‌ಲಿಫ್ಟ್ ಹಿಂದೆ ಸರಿಯುವ ಪೀಂ ಪೀಂ. ನಾನು ಪೆನ್ನು ಹಿಡಿದುಕೊಂಡು ಕಾದೆ. ಅವಸರ ಮಾಡಲು ನನಗೆ ಮನಸ್ಸಿರಲಿಲ್ಲ, ಅವರಿಗೂ ಇದ್ದಂತೆ ಕಾಣಲಿಲ್ಲ. ಮೂರನೆಯ ಸಲ ತಟ್ಟಿ, ದನಿ ಪೂರ್ತಿ ಅಡಗುವ ತನಕ ಕೇಳಿದರು.

"ಅದ ಅಂತ ಹಾಕು," ಎಂದರು. "ಕೊಯ್ದು ನೋಡ್ಲಿ. ಇರಲಿಲ್ಲ ಅಂದ್ರ ಬೈಸಿಕೊಳ್ಳೋಣ."

ನಾನು ಅದ ಎಂಬುದರ ಎದುರಿನ ಚೌಕದಲ್ಲಿ ಗೆರೆ ಎಳೆದೆ. ಕಾಗದವನ್ನು ಅವರತ್ತ ತಿರುಗಿಸಿದೆ. ಸಹಿ ಹಾಕುವ ಮೊದಲು, ನಾನು ಬಂದಾಗಿನಿಂದ ಮೊದಲ ಸಲ, ಬೆರಳಿಟ್ಟು ಕೇಳಿದರು:

"ಇದು ಅದ ಅನ್ನೂದ ಹೌದಲ್ಲ, ತಂಗಿ?"

"ಹೌದ್ರಿ ಕಾಕಾ," ಎಂದೆ. ಆದರೂ ಇನ್ನೊಮ್ಮೆ ಓದಿ ನೋಡಿಕೊಂಡೆ.